ದೇಜಪ್ಪ ಮಾವನ ಕೊನೆಯ ದಿಬ್ಬಣ

“ದೇಜಪ್ಪಣ್ಣ, ನೀವು ಊದುದು ಬೇಡ, ನಿಂತ್ರೆ ಸಾಕು. ಮದುವೆ ಚಪ್ಪರದ ಬಾಳೆಗಿಡ ಹಾಡ್ತದಾ? ಚಂದಕ್ಕೆ ನಿಲ್ತದೆ ಅಷ್ಟೆ.”

ಭುಜಂಗಣ್ಣ ಇದನ್ನು ಕಿವಿಯಲ್ಲಿ ಹೇಳಲಿಲ್ಲ, ಮೈಕಿನಲ್ಲಿ ಹೇಳಿದರು. ಕುವೈತಿನ ಅಬ್ಬಾಸಿಯಾದ ಶಾಲೆಯೊಂದರ ಸಭಾಂಗಣ, ಶುಕ್ರವಾರ ಮಧ್ಯಾಹ್ನ, ನಮ್ಮ ಊರಿನವರ ಕೂಟದ ವಾರ್ಷಿಕೋತ್ಸವದ ಕೊನೆಯ ರಿಹರ್ಸಲ್. ವೇದಿಕೆಯ ಮೇಲೆ ಸೆರಗು ಸಿಕ್ಕಿಸಿಕೊಂಡು ನಿಂತಿದ್ದ ಹದಿನಾರು ಹೆಂಗಸರಿಗೆ ಕೇಳಿಸಿತು. ಕೆಳಗೆ ಬ್ಯಾನರ್ ಕಟ್ಟುತ್ತಿದ್ದ ಗಂಡಸರಿಗೆ ಕೇಳಿಸಿತು. ಮೊದಲು ನಕ್ಕದ್ದು ಯಾರೆಂದು ನೋಡಿಟ್ಟುಕೊಳ್ಳಬೇಕೆಂದು ತಿರುಗಿದೆ. ಪ್ರಯೋಜನವಾಗಲಿಲ್ಲ. ಎಲ್ಲರೂ ನಗುತ್ತಿದ್ದರು.

ನನ್ನ ಸೋದರಮಾವ ದೇಜಪ್ಪ ಸ್ಯಾಕ್ಸೊಫೋನನ್ನು ಮಗುವಿನಂತೆ ಎದೆಗೆ ಅಡ್ಡ ಹಿಡಿದುಕೊಂಡು, ತಾವೂ ನಕ್ಕು, “ಆಯ್ತು ಧಣಿ, ಹಾಗೇ ಮಾಡುವ” ಎಂದರು.

ಧಣಿಯಂತೆ! ಭುಜಂಗಣ್ಣನಿಗೆ ಐವತ್ತು, ಮಾವನಿಗೆ ಅರವತ್ತನಾಲ್ಕು. ಶುವೈಖಿನಲ್ಲಿ ಎರಡು ಗೋದಾಮು ಇರುವವ, ಕೂಟದ ಅಧ್ಯಕ್ಷ, ಸರಿ. ಆದರೆ ಧಣಿ ಎಂಬ ಶಬ್ದವನ್ನು ಊರಿನಿಂದ ಇಲ್ಲಿಯವರೆಗೆ ವಿಮಾನದಲ್ಲಿ ಹೊತ್ತು ತಂದವರು ಮಾವ. ಅದಕ್ಕೆ ಲಗೇಜಿನ ಮಿತಿ ಇಲ್ಲವೇನೋ. ನನ್ನ ಕೈಯಲ್ಲಿ ಡೋಲಿನ ಕೋಲು ಇತ್ತು. ಅದು ಬೇರೆಲ್ಲಿಯಾದರೂ ಬಿದ್ದೀತೆಂದು ಕಂಕುಳಿಗೆ ಸಿಕ್ಕಿಸಿಕೊಂಡೆ.

ವಿಷಯ ಇಷ್ಟೇ. ಕಾರ್ಯಕ್ರಮದಲ್ಲಿ ‘ದಿಬ್ಬಣ’ ಎಂಬ ನೃತ್ಯ ಇತ್ತು. ಊರಿನ ಮದುವೆ ಮೆರವಣಿಗೆಯನ್ನು ವೇದಿಕೆಗೆ ತರುವುದು: ಮುಂದೆ ಮಾವನ ಸ್ಯಾಕ್ಸೊಫೋನು, ಪಕ್ಕದಲ್ಲಿ ನನ್ನ ಡೋಲು, ಹಿಂದೆ ಕುಣಿಯುವ ಹೆಂಗಸರು. ಮಾವನೇ ಊದುವುದೆಂದು ಒಂದು ತಿಂಗಳ ಹಿಂದೆ ಮಾತಾಗಿತ್ತು. ಈಗ ಕೊನೆಯ ರಿಹರ್ಸಲಿನಲ್ಲಿ, ನೃತ್ಯ ಕಲಿಸಿದ ನವ್ಯಶ್ರೀ ಅಕ್ಕ ಮಂಗಳೂರಿನ ಸ್ಟುಡಿಯೊದಿಂದ ಒಂದು ಟ್ರ್ಯಾಕ್ ತರಿಸಿದ್ದಾರೆ, ಅದನ್ನೇ ಹಾಕುವುದು, ಮಾವ ಬೆರಳು ಆಡಿಸಿದರೆ ಸಾಕು ಎಂದಾಯಿತು.

ವಾರ್ಷಿಕೋತ್ಸವ ಮುಂದಿನ ಶುಕ್ರವಾರ. ಅದಾದ ಮೂರನೆಯ ದಿನ ಮಾವನ ವಿಮಾನ. ಕಂಪನಿ ಅವರ ಇಕಾಮಾ, ಅಂದರೆ ಇಲ್ಲಿರುವ ಪರವಾನಗಿ, ನವೀಕರಿಸುವುದಿಲ್ಲ ಎಂದುಬಿಟ್ಟಿತ್ತು. ಹನ್ನೆರಡು ವರ್ಷದ ಕುವೈತು ಖಲಾಸ್. ಹೋಗುವ ಮೊದಲು ಒಂದು ಸಲ, ಐನೂರು ಮಂದಿಯ ಎದುರು, ಮಾವ ತಮ್ಮ ಸ್ವಂತ ಉಸಿರಿನಲ್ಲಿ ಊದಬೇಕು, ಆ ಉಸಿರಿನ ಅಡಿಯಲ್ಲಿ ನನ್ನ ಡೋಲು ಇರಬೇಕು. ನನಗೆ ಬೇಕಾಗಿದ್ದದ್ದು ಇಷ್ಟು. ಕೂಟದವರು ಬೀಳ್ಕೊಡುಗೆಗೆಂದು ಇಟ್ಟುಕೊಂಡಿದ್ದ ಶಾಲು, ಹಣ್ಣಿನ ಬುಟ್ಟಿ, ಸನ್ಮಾನ, ಯಾವುದೂ ನನಗೆ ಬೇಡವಾಗಿತ್ತು.

ಸನ್ಮಾನ ಪತ್ರದಲ್ಲಿ ಅವರು ಮಾವನ ಬದುಕನ್ನು ಆರು ಸಾಲಿನಲ್ಲಿ ಬರೆಸಿದ್ದರು. ‘ಕಲಾಸೇವೆ’ ಎಂಬ ಶಬ್ದ ಅದರಲ್ಲಿ ಮೂರು ಸಲ ಇತ್ತು. ಸೇವೆ ಹೌದು. ಕಲೆ ಎಂದು ಅದುವರೆಗೆ ಯಾರೂ ಕರೆದದ್ದು ನನಗೆ ಗೊತ್ತಿಲ್ಲ.

ಒಂಬತ್ತನೆಯ ವಯಸ್ಸಿಗೆ ಮಾವ ಅವರಪ್ಪನ ಹಿಂದೆ ಶ್ರುತಿ ಹಿಡಿದುಕೊಂಡು ದೇವಸ್ಥಾನಕ್ಕೆ ಹೋದವರು. ಹದಿಮೂರಕ್ಕೆ ನಾಗಸ್ವರ. ಬೆಳಗಿನ ಪೂಜೆಗೆ ಊದಬೇಕು, ಒಳಗೆ ಹೋಗಬಾರದು. ದೇವರಿಗೆ ಇವರ ನಾದ ಬೇಕು, ನೆರಳು ಬೇಡ. ಊಟಕ್ಕೆ ಕೊನೆಯ ಪಂಕ್ತಿ, ಅಂದರೆ ಪಾಯಸ ಮುಗಿದ ಮೇಲಿನ ಪಂಕ್ತಿ. ಮಾವ ಇದನ್ನು ತಮಾಷೆಯಾಗಿ ಹೇಳುತ್ತಿದ್ದರು. “ನನಗೆ ಸಕ್ಕರೆ ಕಾಯಿಲೆ ಬರ್ಲಿಲ್ಲ ಯಾಕೆ ಗೊತ್ತುಂಟಾ? ದೇವಸ್ಥಾನದವರ ದಯೆ.”

ಮಾವನಿಗೆ ಇಪ್ಪತ್ತೆರಡಾಗುವಾಗ ಊರಿನವರಿಗೆಲ್ಲ ಸ್ಯಾಕ್ಸೊಫೋನಿನ ಹುಚ್ಚು ಹಿಡಿಯಿತು. ಪಕ್ಕದೂರಿನ ದೇವಸ್ಥಾನದಲ್ಲಿ ಬಂದಿದೆಯಂತೆ, ನಮ್ಮಲ್ಲಿ ಯಾಕಿಲ್ಲ? ಮಾವ ಅಪ್ಪ ಕೊಟ್ಟ ನಾಗಸ್ವರವನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು. ಪೊಲೀಸ್ ಬ್ಯಾಂಡಿನಿಂದ ನಿವೃತ್ತರಾದ ಒಬ್ಬರ ಮನೆಯ ಸೌದೆ ಒಡೆದುಕೊಟ್ಟು ಎಂಟು ತಿಂಗಳು ಕಲಿತರು. ಒಂಬತ್ತು ವರ್ಷ ಕಲಿತ ತುಟಿಯನ್ನು ಮರೆಸಿ ಹೊಸ ತುಟಿ ಮಾಡಿಕೊಂಡರು. ಅದಾದ ಮೇಲೆ ಕೊನ್ರಾಡ್ ಎಂಬವರ ಬ್ರಾಸ್ ಬ್ಯಾಂಡ್. ಕೆಂಪು ಕೋಟು, ತಲೆಗೆ ಗರಿಯ ಟೊಪ್ಪಿ, ಕೈಗೆ ಕ್ಲಾರಿನೆಟ್. ಬೆಳಿಗ್ಗೆ ಇಗರ್ಜಿಯಲ್ಲಿ ಮದುವೆ, ಮಧ್ಯಾಹ್ನ ಅದೇ ಕೋಟಿನಲ್ಲಿ ಶವದ ಮೆರವಣಿಗೆ. ಕೊಂಕಣಿಯ ಒಂದು ಅಕ್ಷರ ಬಾರದೆಯೇ ಅವರ ಕೀರ್ತನೆಗಳನ್ನೆಲ್ಲ ಕಿವಿಯಿಂದ ಹಿಡಿದರು. ತುಳು ನಾಟಕ ಕಂಪನಿಯಲ್ಲಿ ಆರು ವರ್ಷ. ಕುಡುಕ ಬರುವಾಗ ಒಂದು ಊದು, ಅತ್ತೆ ಬರುವಾಗ ಇನ್ನೊಂದು. ಚುನಾವಣೆಯಲ್ಲಿ ಮೂರೂ ಪಕ್ಷದ ಜೀಪಿನ ಹಿಂದೆ ನಿಂತು ಊದಿದ್ದಾರೆ. ಒಂದೇ ದಿನದಲ್ಲಿ ಎರಡು ಪಕ್ಷಕ್ಕೆ ಊದಿ, ಮಧ್ಯೆ ಪೇಟ ಮಾತ್ರ ಬದಲಾಯಿಸಿದ್ದೂ ಉಂಟು. ಭೂತದ ಕೋಲಕ್ಕೆ, ಅಂಗಡಿ ಉದ್ಘಾಟನೆಗೆ, ಗಣೇಶೋತ್ಸವದ ಆರ್ಕೆಸ್ಟ್ರಾಕ್ಕೆ, ನಿವೃತ್ತ ಹೆಡ್‌ಮಾಸ್ಟರನ್ನು ಮನೆಗೆ ಕಳಿಸುವ ಮೆರವಣಿಗೆಗೆ.

“ನಿಮಗೆ ನಾಚಿಕೆ ಆಗ್ಲಿಲ್ವಾ ಮಾವ?” ಎಂದು ಒಮ್ಮೆ ಕೇಳಿದ್ದೆ.

“ಎಂತದಕ್ಕೆ? ಊದುವವನಿಗೆ ಬಾಯಿ ಒಂದೇ, ಕೇಳುವವರು ನೂರು. ಬಾಯಿ ಬದಲಾಯಿಸ್ಲಿಕ್ಕೆ ಆಗ್ತದಾ? ಕೊಳವೆ ಬದಲಾಯಿಸುದು.”

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮಾವನ ಡೋಲಿನವ ಮುಂಬಯಿಗೆ ಓಡಿಹೋದ. ಮದುವೆಯ ಸೀಸನ್. ಮಾವ ಬಂದು ನನ್ನಮ್ಮನ ಹತ್ತಿರ, “ಅಪ್ಪಿ, ಹದಿನೈದು ದಿನಕ್ಕೆ ಇವನನ್ನು ಕಳಿಸು, ಕೈಯಲ್ಲಿ ಲೆಕ್ಕ ಉಂಟು ಇವನಿಗೆ” ಎಂದರು. ತಂಗಿ ಅಣ್ಣನಿಗೆ ಇಲ್ಲ ಎನ್ನುತ್ತಾಳೆಯೆ? ಹದಿನೈದು ದಿನ ಮುಗಿದು ಶಾಲೆಗೆ ಹೋದರೆ ಮಾಷ್ಟ್ರು, “ಓ, ವಾಲಗದವರು ಬಂದ್ರು, ದಾರಿ ಬಿಡಿ” ಎಂದರು. ಕ್ಲಾಸಿಡೀ ಬೆಂಚು ಬಡಿದು ಡೋಲಿನ ಸದ್ದು ಮಾಡಿತು. ತಾಳ ತಪ್ಪಿ ಬಡಿಯುತ್ತಿದ್ದರು, ಅದು ಬೇರೆ. ಮರುದಿನದಿಂದ ನಾನು ಹೋಗಲಿಲ್ಲ.

ಅದಕ್ಕೆ ಆಗ ದುಃಖವಾಗಲಿಲ್ಲ ಎಂಬುದನ್ನೂ ಹೇಳಬೇಕು. ಒಂದು ಮದುವೆಯಲ್ಲಿ, ದಿಬ್ಬಣ ಗದ್ದೆಯ ಬದುವಿನ ಮೇಲೆ ಸಾಲಾಗಿ ಬರುವಾಗ, ಮಾವನ ಒಂದು ಉದ್ದದ ಊದು ನನ್ನ ಪೆಟ್ಟಿನ ಮೇಲೆ ಬಂದು ಕೂತಿತು, ಹಕ್ಕಿ ಗೆಲ್ಲಿನ ಮೇಲೆ ಕೂತಂತೆ. ನನ್ನ ಕೈ ತನ್ನಷ್ಟಕ್ಕೇ ಹೋಗುತ್ತಿತ್ತು. ಮಾವ ತಿರುಗಿ ನೋಡಿ ಹುಬ್ಬು ಹಾರಿಸಿದರು. ಆ ಹುಬ್ಬಿಗಾಗಿ ನಾನು ಒಂಬತ್ತನೆಯ ಕ್ಲಾಸು, ಹತ್ತನೆಯ ಕ್ಲಾಸು ಬಿಟ್ಟೆ. ಬಿಟ್ಟದ್ದು ಲಾಭವೋ ನಷ್ಟವೋ ಎಂದು ಕೇಳುವವರಿಗೆಲ್ಲ ನನ್ನ ಹತ್ತಿರ ಇದ್ದ ಉತ್ತರ ಆ ಒಂದು ಊದು ಮಾತ್ರ.

ಆಮೇಲೆ ನಾಸಿಕ್ ಬ್ಯಾಂಡ್ ಬಂತು. ನಲವತ್ತು ಹುಡುಗರು, ಒಂದೇ ಬಣ್ಣದ ಟೀ ಶರ್ಟು, ಕಿವಿ ಹರಿಯುವ ಸದ್ದು. ಅದರ ಎದುರು ಸ್ಯಾಕ್ಸೊಫೋನು ಊದಿದರೆ ಊದುವವನಿಗೇ ಕೇಳಿಸುವುದಿಲ್ಲ. ಮಾವ ಐವತ್ತೆರಡನೆಯ ವಯಸ್ಸಿನಲ್ಲಿ ಕುವೈತಿಗೆ ಬಂದು ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿ ಇಸ್ತ್ರಿಗೆ ನಿಂತರು. ಕಾಲು ಊದಿಕೊಂಡ ಮೇಲೆ ಶುವೈಖಿನ ಒಂದು ಕಂಪನಿಯಲ್ಲಿ ಟೀ ಮಾಡುವ ಕೆಲಸ. ನಾನು ಊರಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತು, ನಾಲ್ಕು ವರ್ಷದ ಹಿಂದೆ ಅದೇ ಶುವೈಖಿನ ಗ್ಯಾರೇಜಿಗೆ ಬಂದೆ. ಬ್ರೇಕು, ಕ್ಲಚ್ಚು ನನ್ನ ಕೆಲಸ.

ಇಲ್ಲಿಯೂ ಮಾವ ಊದಿದ್ದಾರೆ. ಹವಲ್ಲಿಯ ಫ್ಲ್ಯಾಟಿನಲ್ಲಿ ಗಣೇಶನ ಹಬ್ಬಕ್ಕೆ, ಸದ್ದು ಹೊರಗೆ ಹೋಗದ ಹಾಗೆ ಬಾಗಿಲ ಸಂದಿಗೆ ಚಾದರ, ಸ್ಯಾಕ್ಸೊಫೋನಿನ ಬಾಯಿಗೆ ಟವೆಲ್. ಟವೆಲ್ ತುರುಕಿದ ಸ್ಯಾಕ್ಸೊಫೋನಿನಲ್ಲಿ ಮಂಗಳಾರತಿ! ಕೂಟದ ಸೈಮನ್ ಅಂಕಲ್ ಮತ್ತು ಬೆಟ್ಟಿ ಆಂಟಿಯ ಮಗಳು ಶರ್ಲಿನ್‌ಳ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರಕ್ಕೆ, ತೆಂಗಿನ ಹಾಲು ಹಚ್ಚುವಾಗ, ಕೊನ್ರಾಡ್ ಬ್ಯಾಂಡಿನ ಹಳೆಯ ಧಾಟಿಗಳನ್ನು ಊದಿ ಮುದುಕಿಯರನ್ನು ಅಳಿಸಿದ್ದರು. ಎರಡು ವರ್ಷದಿಂದ ಅದೂ ಇಲ್ಲ. ಯಾರು ಕರೆದರೂ, “ಡ್ಯೂಟಿ ಉಂಟು” ಎನ್ನುತ್ತಿದ್ದರು. ರೂಮಿನಲ್ಲಿ ಊದಿ ಎಂದರೆ, “ಪಕ್ಕದ ಮನೆಯವರು ಕಂಪ್ಲೇಂಟ್ ಮಾಡ್ತಾರೆ ಮಗಾ.” ಸಂಜೆ ಪೆಟ್ಟಿಗೆ ತೆಗೆದು, ಒರೆಸಿ, ಕೀಲುಗಳಿಗೆ ಎಣ್ಣೆ ಬಿಟ್ಟು, ಬಾಯಿಗಿಡದೆಯೇ ಬೆರಳು ಆಡಿಸುವರು. ಕೀಗಳ ಟಕ್ ಟಕ್ ಸದ್ದು ಕೇಳುತ್ತಾ ಒಂದೇ ರೂಮಿನ ನಾವು ಆರು ಮಂದಿ ಅನ್ನ ಸಾರು ಉಣ್ಣುತ್ತಿದ್ದೆವು.

ರಿಹರ್ಸಲಿನ ಸಂಜೆ ನಾನು ರೂಮಿನಲ್ಲಿ ಜಗಳ ತೆಗೆದೆ.

“ನಾಳೆ ಫೋನ್ ಮಾಡಿ ಹೇಳಿ. ಊದುದಾದ್ರೆ ಬರ್ತೇನೆ, ಇಲ್ಲದಿದ್ರೆ ಬೇರೆ ಬಾಳೆಗಿಡ ನೋಡ್ಕೊಳ್ಳಿ ಅಂತ.”

“ಎಂತಕ್ಕೆ? ಅವ ತಮಾಷೆಗೆ ಹೇಳಿದ್ದು.”

“ಮೈಕಿನಲ್ಲಿ ತಮಾಷೆಯಾ?”

“ಮೈಕ್ ಕೈಯಲ್ಲಿ ಇದ್ರೆ ಎಲ್ಲರಿಗೂ ತಮಾಷೆ ಬರ್ತದೆ.” ಮಾವ ಖುಬ್ಬೂಸ್ ರೊಟ್ಟಿಯನ್ನು ಟೀಗೆ ಅದ್ದಿ, ಮೆತ್ತಗಾಗಲು ಬಿಟ್ಟು, ನಿಧಾನಕ್ಕೆ ತಿಂದರು. “ನಿನಗೆ ಕೋಪ ಜಾಸ್ತಿ, ತಾಳ್ಮೆ ಕಡಿಮೆ. ಡೋಲಿನವನಿಗೆ ಅದು ಆಗುದಿಲ್ಲ.”

“ಒಂದು ಸಲ ಮಾವ. ಒಂದೇ ಸಲ. ಗ್ಯಾರೇಜಿನ ಹಕೀಂ ಭಾಯಿಗೆ ಪಾಸ್ ಕೊಟ್ಟಿದ್ದೇನೆ. ಅಲ್ಲಿ ಎಲ್ಲರ ಹತ್ರ ಹೇಳಿಯಾಗಿದೆ.”

“ಬರ್ಲಿ. ನೋಡ್ಲಿ. ನಿನ್ನ ಡೋಲು ಉಂಟಲ್ಲ?”

“ನನ್ನ ಡೋಲು ಯಾವುದರ ಅಡಿಗೆ? ಪೆನ್ ಡ್ರೈವಿನ ಅಡಿಗಾ?”

ಮಾವ ಲೋಟ ತೊಳೆಯಲು ಎದ್ದುಹೋದರು. ಇವರು ಹೀಗೆಯೇ ಎಂದುಕೊಂಡೆ. ನಾಗಸ್ವರ ಬೇಡ ಎಂದರೆ ಆಯ್ತು ಧಣಿ, ಟೊಪ್ಪಿ ಹಾಕು ಎಂದರೆ ಆಯ್ತು ಧಣಿ, ಟವೆಲ್ ತುರುಕು ಎಂದರೆ ಆಯ್ತು ಧಣಿ. ಈಗ ಉಸಿರೇ ಬೇಡ ಎಂದಿದ್ದಾರೆ, ಅದಕ್ಕೂ ಆಯ್ತು. ಇವರು ಕೇಳದಿದ್ದರೆ ಇವರ ಪರವಾಗಿ ನಾನು ಕೇಳುತ್ತೇನೆ. ಇಪ್ಪತ್ತೇಳು ವರ್ಷದವನ ತಲೆಗೆ ಬಂದ ಬುದ್ಧಿ ಅದು.

ಸೌಂಡಿನ ಕೆಲಸ ಶೇನ್‌ನದು. ಕುವೈತಿನಲ್ಲೇ ಹುಟ್ಟಿದ ಮಂಗಳೂರಿನವ, ಇಪ್ಪತ್ತೆರಡರ ಹುಡುಗ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಇಂಗ್ಲಿಷು. ಅವನ ಹಳೆಯ ಕಾರಿನ ಬ್ರೇಕ್ ಪ್ಯಾಡನ್ನು ನಾನೇ ಬದಲಾಯಿಸಿದ್ದೆ. ಬುಧವಾರ ಅವನನ್ನು ಗ್ಯಾರೇಜಿಗೆ ಕರೆಸಿಕೊಂಡು ಹೇಳಿದೆ. ದಿಬ್ಬಣ ವೇದಿಕೆಯ ನಡುವಿಗೆ ಬಂದಾಗ ನಾನು ಕೋಲನ್ನು ಮೇಲೆತ್ತುತ್ತೇನೆ. ಆಗ ಟ್ರ್ಯಾಕ್ ನಿಲ್ಲಿಸಿ ಮಾವನ ಮೈಕ್ ತೆರೆಯಬೇಕು. ಮಾವ ನಿಜವಾಗಿ ಊದುತ್ತಾರೆ, ಸರ್‌ಪ್ರೈಸ್.

“ಬ್ರೋ, ಅಂಕಲ್‌ಗೆ ಗೊತ್ತುಂಟಲ್ಲ? ಐ ಡೋಂಟ್ ವಾಂಟ್ ಎನಿ ಸೀನ್.”

“ಗೊತ್ತುಂಟು. ಅವರದ್ದೇ ಐಡಿಯಾ.”

“ಪಕ್ಕಾ?”

“ಪಕ್ಕಾ.”

“ಕೂಲ್. ಇಟ್ ವಿಲ್ ಬಿ ಎಪಿಕ್” ಎಂದು ಹೋದ. ಪಕ್ಕದಲ್ಲಿ ಆಯಿಲ್ ಬದಲಾಯಿಸುತ್ತಿದ್ದ ಅಬ್ದುಲ್ ಹಕೀಂ ತಲೆಯೆತ್ತಿ ನನ್ನನ್ನು ನೋಡಿದ. ಹಕೀಂ ಭಾಯಿ ಬಜ್ಪೆಯ ಕಡೆಯ ಬ್ಯಾರಿ, ನನಗಿಂತ ಹತ್ತು ವರ್ಷ ದೊಡ್ಡವ. ಸಣ್ಣವನಿದ್ದಾಗ ಅವನ ಮನೆಯೆದುರಿನ ರಸ್ತೆಯಲ್ಲಿ ಹೋಗುವ ದಿಬ್ಬಣಗಳಲ್ಲಿ ಮಾವನ ಊದು ಕೇಳಿದವ. “ದೇಜಪ್ಪಣ್ಣನ ಹತ್ರ ಒಂದು ಮಾತು ಕೇಳಿದ್ಯಾ?” ಎಂದ. “ಕೇಳಿದ್ರೆ ಬೇಡ ಅಂತಾರೆ” ಎಂದೆ. ಅವನು ಮತ್ತೆ ಗಾಡಿಯ ಅಡಿಗೆ ಹೋದ.

ಶುಕ್ರವಾರ ಸಭಾಂಗಣ ತುಂಬಿತ್ತು. ಮಲ್ಲಿಗೆ ಬಂದಿತ್ತು, ಮಂಗಳೂರಿನಿಂದ ವಿಮಾನದಲ್ಲಿ, ಐಸ್ ಡಬ್ಬದಲ್ಲಿ. ಮಾವ ಬಿಳಿ ಪಂಚೆ, ಕೆಂಪು ಅಂಚಿನ ಶಾಲು, ಮುಂಡಾಸು. ಅರವತ್ತನಾಲ್ಕರ ಮನುಷ್ಯ ಮುಂಡಾಸು ಕಟ್ಟಿ ನಿಂತದ್ದೇ ಹತ್ತು ವರ್ಷ ಸಣ್ಣವರಾದರು. ಪರದೆಯ ಹಿಂದೆ ನಿಂತಾಗ ನನ್ನ ಡೋಲಿನ ಹಗ್ಗ ಎಳೆದು ನೋಡಿ, “ಎಡಗಡೆ ಸ್ವಲ್ಪ ಬಿಗಿ ಮಾಡು, ಏಸಿಗೆ ಇಳಿದಿದೆ” ಎಂದರು. ಬಿಗಿ ಮಾಡಿದೆ. ಸರಿಯಾಯಿತು. ಟ್ರ್ಯಾಕಿನ ಜೊತೆ ಹೋಗುವ ಡೋಲಿಗೂ ಶ್ರುತಿ ನೋಡುವ ಮನುಷ್ಯ.

ಟ್ರ್ಯಾಕ್ ಶುರುವಾಯಿತು. ನಡೆದೆವು. ಮಾವನ ಬೆರಳುಗಳನ್ನು ಪಕ್ಕದಿಂದ ನೋಡುತ್ತಿದ್ದೆ. ಟ್ರ್ಯಾಕಿನಲ್ಲಿ ಊದಿದವ ಯಾರೋ, ಎಲ್ಲಿಯವನೋ. ಆದರೆ ಮಾವನ ಬೆರಳು ಅವನ ಒಂದೊಂದು ಸ್ವರವನ್ನೂ, ಅವನು ಎಳೆದ ಕಡೆ ಎಳೆದು, ಕಡಿದ ಕಡೆ ಕಡಿದು, ಹಿಡಿಯುತ್ತಿತ್ತು. ಒಂದು ವಾರದಲ್ಲಿ ಅದನ್ನು ಕೇಳಿ ಕೇಳಿ ಬೆರಳಿಗೆ ಇಳಿಸಿಕೊಂಡಿದ್ದರು. ಕೆನ್ನೆ ಉಬ್ಬುತ್ತಿತ್ತು, ಕೊರಳಿನ ನರ ಏಳುತ್ತಿತ್ತು. ಎರಡನೆಯ ಸಾಲಿನಲ್ಲಿದ್ದ ಹಕೀಂ ಭಾಯಿ ಫೋನ್ ಎತ್ತಿ ವಿಡಿಯೊ ಮಾಡುತ್ತಿದ್ದ.

ನಡುವಿಗೆ ಬಂದೆವು. ನಾನು ಕೋಲು ಎತ್ತಿದೆ.

ಟ್ರ್ಯಾಕ್ ನಿಂತಿತು. ನನ್ನ ಡೋಲು ನಿಲ್ಲಲಿಲ್ಲ. ಸಭಾಂಗಣದಲ್ಲಿ ನನ್ನ ಡೋಲೊಂದೇ. ಕುಣಿಯುವವರು ಒಂದು ಹೆಜ್ಜೆ ತಪ್ಪಿ, ಡೋಲನ್ನು ಹಿಡಿದುಕೊಂಡು ಮತ್ತೆ ಸರಿಯಾದರು. ಮಾವ ತಿರುಗಿ ನನ್ನನ್ನು ನೋಡಿದರು. ಹುಬ್ಬು ಹಾರಲಿಲ್ಲ. ನಾನು ತಲೆಯಾಡಿಸಿದೆ: ಊದಿ. ಇನ್ನೊಂದು ಆವರ್ತ ಬಾರಿಸಿದೆ. ಅವರಿಗೆ ಹತ್ತಿಕೊಳ್ಳಲು ಮೆಟ್ಟಿಲು ಹಾಕಿದಂತೆ ಬಾರಿಸಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಬಾರಿಸಿಲ್ಲ.

ಮಾವ ಉಸಿರೆಳೆದುಕೊಂಡು ಊದಿದರು.

ಬಂದದ್ದು ಗಾಳಿ. ವಾಲ್ವ್ ಸಡಿಲವಾದ ಟಯರಿನಿಂದ ಹೋಗುವಂಥ ಗಾಳಿ. ಶೇನ್ ಮೈಕ್ ತೆರೆದಿದ್ದನಲ್ಲ, ಆ ಗಾಳಿ ಕೊನೆಯ ಸಾಲಿನವರೆಗೆ ಹೋಯಿತು. ಮತ್ತೊಮ್ಮೆ ಊದಿದರು. ಕೀಚ್ ಎಂದು ಒಂದು ಸದ್ದು, ಬಾಗಿಲಿಗೆ ಬಾಲ ಸಿಕ್ಕ ಬೆಕ್ಕಿನ ಹಾಗೆ. ಮಕ್ಕಳು ನಕ್ಕರು. ಅವರ ಹಿಂದೆಯೇ ದೊಡ್ಡವರು. ಮೂರನೆಯ ಸಲ ಊದುವಾಗ ಅವರ ಬಾಯಿಯೊಳಗೆ ಏನೋ ಜಾರಿತು. ಮಾವ ಥಟ್ಟನೆ ಅಂಗೈಯಿಂದ ಬಾಯಿ ಮುಚ್ಚಿಕೊಂಡರು.

ಹಲ್ಲು.

ಎರಡು ವರ್ಷದ ಹಿಂದೆ ಮಾವ ಮೇಲಿನ ಸಾಲಿನ ಮುಂದಿನ ಆರು ಹಲ್ಲು ತೆಗೆಸಿ, ತೆಗೆದು ಹಾಕುವ ಸೆಟ್ಟು ಮಾಡಿಸಿದ್ದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದದ್ದು ನಾನೇ. ಹೊರಗೆ ಬೆಂಚಿನಲ್ಲಿ ಕೂತು ಫೋನ್ ನೋಡಿದವನೂ ನಾನೇ. ಊದುವವನು ಮೇಲಿನ ಹಲ್ಲನ್ನು ಕೊಳವೆಯ ಮೂತಿಯ ಮೇಲೆ ಊರಿ ಹಿಡಿಯಬೇಕು, ಆ ಹಿಡಿತ ಹೋದರೆ ಸ್ವರ ಹೋಯಿತು. ಈಗ ಯಾರು ಕೇಳಿದರೂ ಹೇಳಬಲ್ಲೆ. ಊರಲ್ಲೂ ಇಲ್ಲೂ ಊದುವವನ ಪಕ್ಕದಲ್ಲಿ ನಿಂತ ನಾನು ನೋಡಿದ್ದು ಅವರ ಬೆರಳನ್ನು, ಹುಬ್ಬನ್ನು. ಬಾಯಿಯ ಒಳಗೆ ಏನಿದೆ ಎಂದು ಡೋಲಿನವ ಯಾಕೆ ನೋಡುತ್ತಾನೆ?

ಭುಜಂಗಣ್ಣ ಬದಿಯಿಂದ ಮೈಕ್ ಹಿಡಿದು ಓಡಿಬಂದರು. “ಸಣ್ಣ ಟೆಕ್ನಿಕಲ್ ಪ್ರಾಬ್ಲಮ್ಮು! ದೇಜಪ್ಪಣ್ಣನ ಹಲ್ಲು ಊರಿನ ಫ್ಲೈಟಿಗೆ ಮೊದಲೇ ಚೆಕ್ ಇನ್ ಆಗಿದೆ!” ಐನೂರು ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಶೇನ್, ಟ್ರ್ಯಾಕ್ ಪ್ಲೀಸ್! ಯಲ್ಲಾ, ಬೇಗ!”

ಟ್ರ್ಯಾಕ್ ಮೊದಲಿನಿಂದ ಬಂತು. ಮಾವ ಮುಖ ತಿರುಗಿಸಿ, ಹೆಬ್ಬೆರಳಿನಿಂದ ಸೆಟ್ಟನ್ನು ಒಳಗೆ ಒತ್ತಿ, ಸ್ಯಾಕ್ಸೊಫೋನನ್ನು ಮತ್ತೆ ಬಾಯಿಗಿಟ್ಟರು. ಕೆನ್ನೆ ಉಬ್ಬಿಸಿದರು. ಬೆರಳು ಒಂದೂ ತಪ್ಪಲಿಲ್ಲ. ಎಲ್ಲರಿಗೂ ಈಗ ಗೊತ್ತಿತ್ತು. ಆದರೂ ಕೊನೆಯವರೆಗೆ, ಒಂದು ಸ್ವರವನ್ನೂ ಬಿಡದೆ, ಊದುವ ಹಾಗೆ ಮಾಡುತ್ತಾ ನಡೆದರು. ನಾನು ಬಾರಿಸಿದೆನೋ ಇಲ್ಲವೋ ನೆನಪಿಲ್ಲ. ಬಾರಿಸದಿದ್ದರೂ ಟ್ರ್ಯಾಕಿನಲ್ಲಿ ಡೋಲು ಇತ್ತು.

ಚಪ್ಪಾಳೆ ಜೋರಾಗಿ ಬಿತ್ತು. ಅನುಕಂಪಕ್ಕೆ ಬೀಳುವ ಚಪ್ಪಾಳೆಯೇ ಯಾವಾಗಲೂ ಹೆಚ್ಚು ಹೊತ್ತು. ಅಲ್ಲೇ ಕುರ್ಚಿ ಹಾಕಿ ಮಾವನನ್ನು ಕೂರಿಸಿ ಶಾಲು ಹೊದೆಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಆರು ಸಾಲು ಓದಿದರು. ಮಾವ ಕೈ ಮುಗಿದು, ಬಾಯಿ ಮುಚ್ಚಿಯೇ ನಕ್ಕರು.

ವೇದಿಕೆಯ ಹಿಂದೆ ಭುಜಂಗಣ್ಣ ನನ್ನ ರಟ್ಟೆ ಹಿಡಿದರು. “ಎಂತ ಮಾಡಿದ್ದು ನೀನು? ಶೇನ್ ಎಲ್ಲ ಹೇಳಿದ. ಮಂಡೆ ಸರಿ ಉಂಟಾ ನಿನಗೆ?”

“ಕೈ ಬಿಡಿ.”

“ಮಾರಾಯ, ಟ್ರ್ಯಾಕ್ ಹಾಕಿ ಅಂತ ನನ್ನ ಹತ್ರ ಬಂದು ಕೇಳಿದ್ದೇ ಅವರು. ಗೋದಾಮಿಗೆ ಬಂದಿದ್ರು, ಡ್ಯೂಟಿ ಮುಗಿಸಿ, ಬಿಸಿಲಲ್ಲಿ ನಡ್ಕೊಂಡು. ‘ನನ್ನಿಂದ ಊದ್ಲಿಕ್ಕೆ ಆಗುದಿಲ್ಲ ಧಣಿ, ಆದ್ರೆ ಸ್ಟೇಜಿಗೆ ಒಮ್ಮೆ ಹುಡುಗನ ಒಟ್ಟಿಗೆ ಹತ್ತಬೇಕು’ ಅಂದ್ರು. ನಿನಗೆ ಗೊತ್ತಾಗಬಾರ್ದು ಅಂತ ಕೈ ಮುಗ್ದು ಹೇಳಿದ್ರು. ‘ಗೊತ್ತಾದ್ರೆ ಅವ ಡೋಲು ಕೆಳಗೆ ಇಡ್ತಾನೆ, ಅವನಿಗೆ ಅದು ಬಿಟ್ಟು ಬೇರೆ ಸುಖ ಇಲ್ಲ’ ಅಂದ್ರು. ಅದಕ್ಕೇ ನಾನು ಬೇಡ ಅಂದ ಹಾಗೆ ಮಾಡಿದ್ದು.”

ಆದರೂ ಕೇಳಿದೆ. “ಬಾಳೆಗಿಡ ಅಂತ ಹೇಳ್ಲಿಕ್ಕೂ ಅವರೇ ಹೇಳಿದ್ದಾ? ಮೈಕಿನಲ್ಲಿ?”

ಭುಜಂಗಣ್ಣ ಕೈ ಬಿಟ್ಟರು. “ಅದು ಬಾಯಿಗೆ ಬಂತು” ಎಂದು ಫೋನ್ ನೋಡತೊಡಗಿದರು.

ಹೊರಗೆ ಪಾರ್ಕಿಂಗಿನಲ್ಲಿ ಮಾವ ಹಕೀಂ ಭಾಯಿಯ ಗಾಡಿಯ ಹತ್ತಿರ ನಿಂತಿದ್ದರು. ಮುಂಡಾಸು ಬಿಚ್ಚಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದರು. ಸ್ಯಾಕ್ಸೊಫೋನಿನ ಪೆಟ್ಟಿಗೆ ಕಾಲ ಬುಡದಲ್ಲಿ, ಹಣ್ಣಿನ ಬುಟ್ಟಿ ಬಾನೆಟ್ಟಿನ ಮೇಲೆ. ನವ್ಯಶ್ರೀ ಅಕ್ಕ ಇದ್ದರು, ಶೇನ್ ಇದ್ದ, ಕುಣಿದ ನಾಲ್ಕೈದು ಹೆಂಗಸರು ಮಲ್ಲಿಗೆ ಮುಡಿದುಕೊಂಡೇ ನಿಂತಿದ್ದರು.

“ಅಂಕಲ್, ಸಾರಿ, ಹಿ ಟೋಲ್ಡ್ ಮಿ ಯು ನ್ಯೂ” ಎಂದ ಶೇನ್. ಅಳುವ ಹಾಗಿದ್ದ.

“ಇಲ್ಲ ಮಗಾ, ನಿನ್ನದು ಎಂತ ತಪ್ಪು? ಸೌಂಡ್ ಭಾರೀ ಲಾಯ್ಕ ಇತ್ತು.” ಮಾವನ ಮಾತಿನಲ್ಲಿ ಸ್ವಲ್ಪ ಗಾಳಿ ಸೇರುತ್ತಿತ್ತು. ಎರಡು ವರ್ಷದಿಂದ ಸೇರುತ್ತಿತ್ತು, ಆ ಹೊತ್ತಿಗೆ ನನಗೆ ಕೇಳಿಸಿತು.

ನಾನು ಕ್ಷಮೆ ಕೇಳಬೇಕಿತ್ತು. ಕೇಳಲೆಂದೇ ಹೊರಗೆ ಬಂದಿದ್ದೆ. ಆದರೆ ಅವರ ಮುಖದಲ್ಲಿ ಅದೇ ನಗು ಇತ್ತು. ದೇವಸ್ಥಾನದ ಕೊನೆಯ ಪಂಕ್ತಿಯ ನಗು. ಅದನ್ನು ನೋಡಿದ್ದೇ ನನ್ನ ತಲೆಗೆ ರಕ್ತ ಏರಿತು.

“ಅವನ ಹತ್ರ ಹೇಳ್ಲಿಕ್ಕೆ ಆಯ್ತು ನಿಮಗೆ,” ಎಂದೆ. “ಗೋದಾಮಿಗೆ ನಡ್ಕೊಂಡು ಹೋಗಿ ಕೈ ಮುಗ್ದು ಹೇಳಿದ್ರಿ. ಒಂದೇ ರೂಮಲ್ಲಿ ಮಲಗುವ ನನ್ನ ಹತ್ರ ಆಗ್ಲಿಲ್ಲ?”

“ಸುಕೇಶ, ಸಾಕು,” ಎಂದ ಹಕೀಂ ಭಾಯಿ.

“ನೀವು ಸುಮ್ಮನಿರಿ ಭಾಯಿ. ಎರಡು ವರ್ಷ! ದಿನಾ ಸಂಜೆ ಟಕ್ ಟಕ್ ಅಂತ ಯಾರಿಗೆ ನಾಟಕ ಮಾಡಿದ್ದು? ಪಕ್ಕದ ಮನೆಯವರು ಕಂಪ್ಲೇಂಟ್ ಮಾಡ್ತಾರಂತೆ! ನಾಟಕ ಕಂಪನಿ ಬಿಟ್ಟದ್ದೆಂತಕ್ಕೆ ನೀವು? ಅಲ್ಲೇ ಇರಬಹುದಿತ್ತು.”

ಹೆಂಗಸರಲ್ಲಿ ಒಬ್ಬರು, “ಛೆ, ಎಂತ ಮಾತು ಇದು, ದೊಡ್ಡವರ ಹತ್ರ” ಎಂದರು. ನನಗೆ ನಿಲ್ಲಿಸಲು ಆಗಲಿಲ್ಲ. ಮಾತು ಹೊರಗೆ ಬರುವ ಮೊದಲೇ ಅದು ಸುಳ್ಳು ಎಂದು ಗೊತ್ತಿತ್ತು, ಆದರೂ ಬಂತು.

“ನನ್ನನ್ನು ಎಂಟನೇ ಕ್ಲಾಸಿನಿಂದ ಎಬ್ಬಿಸಿಕೊಂಡು ಹೋದದ್ದು ನೀವು. ಹದಿನೈದು ದಿನ ಅಂತ ಅಮ್ಮನಿಗೆ ಹೇಳಿ. ಎಂತಕ್ಕೆ? ಗಾಳಿ ಊದುವವನ ಪಕ್ಕದಲ್ಲಿ ನಿಲ್ಲಿಸ್ಲಿಕ್ಕಾ? ಇಷ್ಟು ವರ್ಷ ನೀವು ಊದಿದ್ದು ನಿಜವಾದ್ರೂ ಹೌದಾ? ಹೇಳಿ. ಎಲ್ಲರ ಎದುರು ಹೇಳಿ, ಒಂದು ಸಲವಾದ್ರೂ.”

ಮಾವನ ನಗು ಹೋಯಿತು. ಅದು ಹೋದ ಮೇಲೆ ಆ ಮುಖದಲ್ಲಿ ಏನಿರುತ್ತದೆ ಎಂದು ನಾನು ಅದುವರೆಗೆ ನೋಡಿರಲಿಲ್ಲ. ಏನೂ ಇರಲಿಲ್ಲ. ಒಬ್ಬ ಮುದುಕನಿದ್ದ.

ಅವರು ಬಗ್ಗಿ ಪೆಟ್ಟಿಗೆ ಎತ್ತಿಕೊಂಡರು. ಹಕೀಂ ಭಾಯಿ ಗಾಡಿಯ ಬಾಗಿಲು ತೆರೆದು, “ಬನ್ನಿ ದೇಜಪ್ಪಣ್ಣ, ಬಿಟ್ಟು ಬರ್ತೇನೆ” ಎಂದ. ಮಾವ ತಲೆಯಾಡಿಸಿ ಬೇಡವೆಂದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸಾಲು ಗಾಡಿಗಳ ನಡುವೆ, ಪೆಟ್ಟಿಗೆ ಯಾವುದಕ್ಕೂ ತಾಗದ ಹಾಗೆ ಎದೆಯ ಮಟ್ಟಕ್ಕೆ ಎತ್ತಿ ಹಿಡಿದು ಗೇಟಿನ ಕಡೆ ನಡೆದರು. ರಸ್ತೆಯಲ್ಲಿ ಒಂದು ನೀರಿನ ಟ್ಯಾಂಕರ್ ಬರುತ್ತಿತ್ತು. ಅದು ಹೋಗುವವರೆಗೆ ನಿಂತು, ಎರಡೂ ಕಡೆ ನೋಡಿ, ದಾಟಿಹೋದರು.